ಶಾಲೆಯದಲ್ಲದ ಸಾಮಾನು

ಎರಡನೇ ತರಗತಿಯ ಟೀಚರು ಹಿಂದಿನ ಸಂಜೆ ತೀರಿಕೊಂಡರೆಂಬ ಸುದ್ದಿ ಹೆಡ್‌ಮಾಸ್ತರರಿಗೆ ತಿಳಿದದ್ದು ಬೆಳಗಿನ ಗಂಟೆ ಹೊಡೆಯುವ ಹೊತ್ತಿಗೆ. ಜವಾನ ಸುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಹೇಳಿದ. ಬರಿಯ ಜ್ವರವೆಂದು ರಜೆ ಹಾಕಿದ್ದರು. ಇಷ್ಟನ್ನು ಯಾರೂ ನೆನೆಸಿರಲಿಲ್ಲ. ಮಕ್ಕಳನ್ನು ಮನೆಗೆ ಕಳಿಸಿ ಹೆಡ್‌ಮಾಸ್ತರರು ಆ ಖಾಲಿ ತರಗತಿಗೆ ಹೋದರು. ಗೋಡೆಯ ತುಂಬ ಬಣ್ಣದ ಕಾಗದದ ಅಕ್ಷರಗಳು. ಅವುಗಳಲ್ಲಿ ಒಂದು ಹಾಳೆಯೂ ತಾವು ಕೊಟ್ಟದ್ದಲ್ಲವೆಂಬುದು ಅವರಿಗೆ ಗೊತ್ತಿತ್ತು.

ಶಾಲೆಯಲ್ಲಿ ಅವರಿಗೆ 'ಬೀಗದ ಮೇಷ್ಟ್ರು' ಎಂದು ಅಡ್ಡಹೆಸರು. ಸಾಮಾನಿನ ಬೀರುವಿಗೆ ಸದಾ ಬೀಗ. ಸೀಮೆಸುಣ್ಣ ಬೇಕಾದರೂ ಚೀಟಿ ಬರೆಯಬೇಕು, ಸವೆದ ತುಂಡನ್ನು ತಂದು ತೋರಿಸಬೇಕು. ಸಾಮಾನಿಗೆಂದು ಬಂದ ಹಣದಲ್ಲಿ ಮುಕ್ಕಾಲು ಪಾಲನ್ನು ವರ್ಷವರ್ಷವೂ ಮೇಲಿನ ಕಚೇರಿಗೆ ಹಿಂದಕ್ಕೆ ಕಳಿಸಿ, ಅದನ್ನೇ ಪ್ರಾಮಾಣಿಕತೆಯೆಂದು ತಿಳಿದಿದ್ದರು. ಶಾಲಾ ಇನ್‌ಸ್ಪೆಕ್ಟರು ಮೆಚ್ಚಿ ಪತ್ರವನ್ನೂ ಬರೆದಿದ್ದರು.

ಟೀಚರು ಮೊದಮೊದಲು ಚೀಟಿ ತರುತ್ತಿದ್ದರು.

"ಸರ್, ಅರ್ಧ ಕ್ಲಾಸಿನ ಹತ್ರ ಪೆನ್ಸಿಲ್ಲೇ ಇಲ್ಲ."

"ಅಪ್ಪ ಅಮ್ಮ ಕೊಡಿಸ್ಲಿ ತಾಯಿ. ನಾವೇನು ಅಂಗಡಿ ಇಟ್ಕೊಂಡಿದೀವಾ?"

"ಅವರ ಕೈಲಿ ಆಗಿದ್ರೆ ನಾನ್ಯಾಕೆ ಬರ್ತಿದ್ದೆ? ಹೋಗ್ಲಿ, ನಿಮ್ಮ ಬೀಗದ ಕೈನಾದ್ರೂ ಕೊಡಿ, ಅದರಲ್ಲೇ ಅ ಆ ತಿದ್ದಿಸ್ತೀನಿ."

ಇಬ್ಬರೂ ನಕ್ಕಿದ್ದರು. ಸಹಿ ಬೀಳಲಿಲ್ಲ. ಆಮೇಲೆ ಚೀಟಿಗಳು ನಿಂತವು. ಆದರೂ ಮಕ್ಕಳ ಕೈಯಲ್ಲಿ ಪೆನ್ಸಿಲುಗಳು ಇರುತ್ತಿದ್ದವು. ಎಲ್ಲಿಂದ ಬಂದವೆಂದು ಹೆಡ್‌ಮಾಸ್ತರರು ಕೇಳಲಿಲ್ಲ. ಕೇಳಿದರೆ ಕೊಡಬೇಕಾದೀತು.

ನಾಲ್ಕು ದಿನ ಕಳೆದು ಹೆಡ್‌ಮಾಸ್ತರರು ಟೀಚರ ಮನೆಗೆ ಹೋದರು. ಟೀಚರ ಗಂಡ ಬಸ್ ಕಂಡಕ್ಟರು. ಕೂರಿಸಿ ನೀರು ಕೊಟ್ಟು, ಒಳಕೋಣೆಯ ಬಾಗಿಲು ತೆರೆದರು. ಮಂಚದ ಕೆಳಗಿಂದ ಎಳೆದಿಟ್ಟ ಮೂರು ರಟ್ಟಿನ ಪೆಟ್ಟಿಗೆಗಳು: ಪೆನ್ಸಿಲು, ರಬ್ಬರು, ಅಂಟಿನ ಬಾಟಲಿ, ಬಣ್ಣದ ಹಾಳೆ.

"ಸ್ಕೂಲಿನ ಸಾಮಾನು ಸರ್, ತಗೊಂಡು ಹೋಗ್ಬಿಡಿ. 'ನಮ್ಮ ಸರ್ ಧಾರಾಳಿ, ಕೇಳಿದ್ದಕ್ಕಿಂತ ಜಾಸ್ತಿ ಕೊಡ್ತಾರೆ, ಅಲ್ಲಿ ಇಡಕ್ಕೆ ಜಾಗ ಇಲ್ಲ' ಅಂತಿದ್ಲು. ನಾನು ನಂಬ್ಲಿಲ್ಲ. ಸ್ಕೂಲಿನ ಮಾಲು ಮನೆ ತುಂಬಿಸ್ತೀಯಾ, ಕಳ್ಳಿ, ಅಂತ ರೇಗಿಸ್ತಿದ್ದೆ." ಅವರು ಒಂದು ಪೆನ್ಸಿಲನ್ನೆತ್ತಿ ಮತ್ತೆ ಪೆಟ್ಟಿಗೆಗೆ ಹಾಕಿದರು. "ನಿಜ ಹೇಳಿ ಸರ್. ನೀವು ಕೊಟ್ಟಿದ್ದೇ ತಾನೆ? ಕೇಳದೆ ತಂದಿದ್ದಲ್ಲ ಅಲ್ವಾ?"

"ಛೆ ಛೆ. ನಾನೇ ಕೊಟ್ಟಿದ್ದು" ಎಂದುಬಿಟ್ಟರು ಹೆಡ್‌ಮಾಸ್ತರರು. ಸತ್ತವಳ ಮಾನಕ್ಕಾಗಿ ಆಡಿದ ಮಾತೆಂದು ತಮಗೆ ತಾವೇ ಹೇಳಿಕೊಂಡರು.

ಕಂಡಕ್ಟರು ಅವರ ಎರಡೂ ಕೈ ಹಿಡಿದು ತಮ್ಮ ಒದ್ದೆ ಕಣ್ಣಿಗೊತ್ತಿಕೊಂಡರು. "ದೊಡ್ಡ ಮನಸ್ಸು ಸರ್ ನಿಮ್ಮದು!" ಪೆಟ್ಟಿಗೆಯೊಂದನ್ನು ಹೆಗಲಿಗೇರಿಸಿ ಹೆಡ್‌ಮಾಸ್ತರರು ಬಂದಿದ್ದ ಆಟೋದಲ್ಲಿ ಇಡಲು ಹೊರಟೇಬಿಟ್ಟರು.

ಆ ಕಣ್ಣೀರಿನ ಬಿಸಿ ಕೈಯ ಮೇಲೆ ಇನ್ನೂ ಆರಿರಲಿಲ್ಲ. ಹೆಡ್‌ಮಾಸ್ತರರಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

"ನಿಲ್ಲಿ! ನಾನು ಒಂದು ಪೆನ್ಸಿಲ್ಲೂ ಕೊಟ್ಟಿಲ್ಲ. ಹಣ ಸ್ಕೂಲಲ್ಲಿತ್ತು, ಕೊಡಬೇಕಾದವನು ನಾನು. ಕೊಡದೆ ಹಿಂದಕ್ಕೆ ಕಳಿಸಿ ಹೊಗಳಿಸಿಕೊಂಡೆ. ಇದೆಲ್ಲ ಟೀಚರು ತಮ್ಮ ಸಂಬಳದಲ್ಲಿ ಕೊಂಡಿದ್ದು. ನನ್ನ ಮಾನ ಹೋಗಬಾರ್ದು ಅಂತ ನಿಮ್ಮ ಹತ್ರ ಹಾಗಂದಿದಾರೆ."

ಕಂಡಕ್ಟರು ಪೆಟ್ಟಿಗೆ ಹೊತ್ತುಕೊಂಡೇ ಹಿಂತಿರುಗಿದರು.

"ಕಳ್ಳಿ ಅಂದೆನಲ್ಲ ಸರ್... ಅವಳು ನಗ್ತಿದ್ಲು" ಎಂದರು. ಆಮೇಲೆ ಪೆಟ್ಟಿಗೆಯನ್ನು ಒಳಗೇ ತಂದಿಟ್ಟರು. "ನಾಳೆ ನಾನೇ ಬಂದು ಮಕ್ಕಳ ಕೈಗೆ ಕೊಡ್ತೀನಿ. ನಿಮ್ಮ ಬೀರುವಿಗೆ ಮಾತ್ರ ಇದು ಬೇಡ."

ಹೆಡ್‌ಮಾಸ್ತರರು ತಲೆಯೆತ್ತದೆ ಮೆಟ್ಟಿಲಿಳಿದರು. ಆಟೋ ಹತ್ತಲು ಮನಸ್ಸಾಗದೆ, ರಸ್ತೆಯ ಬದಿಯಲ್ಲೇ ನಿಂತು ಕೈಮುಗಿದರು.

"ದೇವರೇ, ಆ ತಾಯಿ ತನಗಾಗಿ ಏನನ್ನೂ ಬೇಡಲಿಲ್ಲ. ಮಕ್ಕಳಿಗಾಗಿ ಬೇಡಿದ್ದನ್ನು ನಾನು ಕೊಡಲಿಲ್ಲ. ನನ್ನನ್ನು ಕ್ಷಮಿಸೆಂದು ಕೇಳಲು ಬಾಯಿ ಬರುವುದಿಲ್ಲ. ದಣಿದ ಆ ಜೀವವನ್ನು ನಿನ್ನ ಹತ್ತಿರ ಕೂರಿಸಿಕೋ. ಅವಳಿಗೆ ಶಾಂತಿ ಕೊಡು."