ಎಡಗಡೆಯ ಬಟನ್

ಟಿಕ್ — ಅಲ್ಲ, ಟಿಕ್ ಅನ್ನಲಿಲ್ಲ, ಪಿಚಕ್ ಅಂದಿತು, ಒದ್ದೆ ಚಪ್ಪಲಿಯ ಹಾಗೆ, ಕೆಟ್ಟ ಬಟನ್ನಿನ ಈ ಸದ್ದು ಈ ಮನೆಯಲ್ಲಿ ಅವಳ ಕಿವಿಗೆ ಮಾತ್ರ ಗೊತ್ತು, ಆರು ವರ್ಷ ಕಾರ್ಖಾನೆಯ ತಪಾಸಣೆ ಮೇಜಿನ ಮುಂದೆ ಕೂತು ಬಟನ್ ಒತ್ತಿದವಳಿಗೆ ಬೇರೆ ಯಾವ ವಿದ್ಯೆ ಬರದಿದ್ದರೂ ಇದೊಂದು ಬರುತ್ತದೆ, ಸೋಫಾದ ಮೇಲೆ ಕಾಲು ಮಡಚಿ ಕೂತ ತಮ್ಮನ ಮಗಳಿಗೆ ಏನು ಗೊತ್ತು ಪಾಪ, ಗೇಮಿನ ಯಂತ್ರ ಕೈಗೆ ಬಂದು ಇನ್ನೂ ಒಂದು ಗಂಟೆ ಆಗಿಲ್ಲ, ಎಷ್ಟು ಹಗುರ ಇದೆ ಅತ್ತೆ, ಇಲ್ನೋಡು, ನೀರು ನಿಜವಾದ ನೀರಿನ ಥರಾನೇ ಇದೆ, ಅತ್ತೆಗೂ ಇದೆಲ್ಲ ಹೊಸದೇ, ದಿನಕ್ಕೆ ಮುನ್ನೂರು ಯಂತ್ರಗಳ ಮೇಲೆ ಕೈಯಾಡಿಸಿದವಳು ಒಂದು ದಿನವೂ ಆಟ ನೋಡಿದವಳಲ್ಲ, ಅಲ್ಲಿ ಪರದೆಯ ಮೇಲೆ ಬರುವುದು ಬರೀ ಬಿಳಿ ಚೌಕ, ಬಟನ್ ಸರಿಯಿದ್ದರೆ ಹಸಿರಾಗುತ್ತದೆ, ಅಷ್ಟೇ, ಎಡಗಡೆಯ ಬಟನ್ನಿನ ಹಿಂದೆ ಇಷ್ಟು ದೊಡ್ಡ ಕಾಡಿದೆ, ಹೊಳೆಯಿದೆ, ಹಳದಿ ಕೊಡೆ ಹಿಡಿದ ಪುಟಾಣಿ ಮನುಷ್ಯನಿದ್ದಾನೆ ಅಂತ ಇವತ್ತೇ ತಿಳಿದದ್ದು, ಎಷ್ಟು ಚೆಂದ, ನಮ್ಮಕ್ಕ ಗೆದ್ದು ತಂದಿದ್ದು ಗೊತ್ತಾ, ಇಡೀ ಫ್ಯಾಕ್ಟರೀಗೇ ಫಸ್ಟು, ಎದುರು ಮನೆಯವರಿಗೆ ತಮ್ಮ ಆಗಲೇ ಹೇಳುತ್ತಿದ್ದ, ಅವಳು ಸುಮ್ನಿರೋ ಅನ್ನುತ್ತಲೇ ಇನ್ನೊಂದು ಸಲ ಹೇಳಲಿ ಅಂತ ಕಾದಿದ್ದಳು — ಈಗ ಕೊಡೆಯವನು ಹೊಂಡದ ಅಂಚಿಗೆ ಬಂದ, ತಿರುಗು, ಹಿಂದಕ್ಕೆ ತಿರುಗೋ, ಹುಡುಗಿಯ ಹೆಬ್ಬೆರಳು ಎಡಗಡೆಯ ಬಟನ್ನಿನ ಮೇಲೆ, ಉಗುರು ಬೆಳ್ಳಗಾಗುವಷ್ಟು ಒತ್ತಿದ್ದಾಳೆ, ಪಿಚಕ್, ಅವನು ತಿರುಗಲಿಲ್ಲ, ಬಿದ್ದ.

ಒಂದೊಂದು ಬಟನ್ನನ್ನೂ ಹತ್ತು ಸಲ ಒತ್ತಬೇಕು, ಅದು ಕಾರ್ಖಾನೆಯ ನಿಯಮ, ಮೊದಲ ಎರಡು ಸಲ ಎಂಥಾ ಬಟನ್ನೂ ಹೊಸ ಅಳಿಯನ ಹಾಗೆ ಮರ್ಯಾದೆಯಿಂದಲೇ ಇರುತ್ತೆ ಕಣೇ, ಬುದ್ಧಿ ಗೊತ್ತಾಗೋದು ಆಮೇಲೆ, ಅಂತ ಪಕ್ಕದ ಮೇಜಿನವಳು ನಗಿಸುತ್ತಿದ್ದಳು, ಆಮೇಲೆ ಸೂಪರ್‌ವೈಸರ್ ಗೋಡೆಗೆ ಹಲಗೆ ತೂಗುಹಾಕಿದ, ಯಾರು ಎಷ್ಟು ಪೀಸು ಪಾಸು ಮಾಡಿದರು ಅಂತ, ಅವಳ ಹೆಸರು ಒಂಬತ್ತನೆಯದು, ನಿನ್ನೆ ಮೊನ್ನೆ ಸೇರಿದವರ ಕೆಳಗೆ, ಮೈಯೆಲ್ಲ ಉರಿದಿತ್ತು, ಹತ್ತು ಎಂಟಾಯಿತು, ಎಂಟು ಐದಾಯಿತು, ಕೊನೆಗೆ ಎರಡು, ಯಾರೂ ಮಾಡು ಅನ್ನಲಿಲ್ಲ, ಹೊಟ್ಟೆಗಿಲ್ಲದೆ ಮಾಡಿದ್ದೂ ಅಲ್ಲ, ಹೆಸರು ಮೇಲೆ ಹೋಗಲಿ ಅಂತ, ಅಷ್ಟಕ್ಕೇ, ಹೆಸರು ಹೋಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಪಾಸಾದ ರಾಶಿಯಿಂದಲೇ ಒಂದು ಡಬ್ಬ ಎತ್ತಿ ಬಹುಮಾನ ಅಂತ ಕೈಗಿಟ್ಟರು — ಏನೇ ಮಾಡಿದೆ ಅದಕ್ಕೆ, ಮಗಳ ಮೇಲೆ ತಮ್ಮ ಹಾರಿಬಿದ್ದ, ಒಂದು ಗಂಟೆ ಆಗಿಲ್ಲ ಆಗ್ಲೇ ಹಾಳು ಮಾಡ್ಕೊಂಡು ಕೂತಿದೀಯ, ನಾನೇನೂ ಮಾಡಿಲ್ಲಪ್ಪ, ಸುಳ್ಳು ಬೇರೆ ಹೇಳ್ತೀಯಾ, ಬಿಡ್ರೀ, ಅಕ್ಕ ನೋಡ್ತಾರೆ, ಅವರಿಗಿಂತ ಗೊತ್ತಿರೋರು ಯಾರಿದಾರೆ, ಅನ್ನುತ್ತಾಳೆ ತಮ್ಮನ ಹೆಂಡತಿ, ಯಂತ್ರ ಅವಳ ಕೈಗೆ ಬರುತ್ತದೆ, ಹುಡುಗಿಯ ಅಂಗೈಯ ಬಿಸಿ ಇನ್ನೂ ಅದರ ಮೇಲಿದೆ, ಯಂತ್ರದ ಬೆನ್ನಿಗಿರುವ ಸ್ಟ್ಯಾಂಡ್ ಎತ್ತಿದರೆ ಅಕ್ಕಿಕಾಳಿನಷ್ಟು ಚೀಟಿ, ತಪಾಸಣೆ ಮಾಡಿದವರ ನಂಬರು, ಹದಿನೇಳು, ಅವಳದೇ, ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಇಲ್ಲಿ ಮಾಡಿದವಳೊಬ್ಬಳು, ಉಣ್ಣುತ್ತಿರುವುದು ಎಂಟು ವರ್ಷದ ಮಗು, ಹೇಳಬೇಕು, ಹೇಳಿಬಿಡಬೇಕು, ಅವಳು ಮಾಡಿದ್ದಲ್ಲ ಕಣೋ, ನಾನು ಮಾಡಿದ್ದು, ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದಾರೆ, ಇಡೀ ಫ್ಯಾಕ್ಟರೀಗೇ ಫಸ್ಟು, ಬಾಯಿ ತೆರೆಯಿತು, ಮೆತ್ತಗೆ ಒತ್ತಬೇಕು ಪುಟ್ಟಿ, ಗಟ್ಟಿಯಾಗಿ ಒತ್ತಿದ್ರೆ ಹೀಗೇ ಆಗೋದು.

ಯಾರು ಅಂದದ್ದು ಇದನ್ನು, ಅವಳ ಬಾಯೇ, ನೋಡಿದ್ಯಾ, ನಾನು ಹೇಳಲಿಲ್ವಾ ಅಂತ ತಮ್ಮ, ಈಗಲೂ ಹೊತ್ತು ಮೀರಿಲ್ಲ, ಚೀಟಿಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡಿದ್ದಾಳೆ, ನಾಚಿಕೆ ಕಿವಿಯವರೆಗೆ ಏರುತ್ತದೆ, ಥೂ, ನಿನ್ನ ಜನ್ಮಕ್ಕೆ, ಹುಡುಗಿ ಅತ್ತಿದ್ದರಾದರೂ ಆಗುತ್ತಿತ್ತು, ಅಳುವುದಿಲ್ಲ, ಕೈ ಚಾಚುತ್ತಾಳೆ, ಸಾರಿ ಅತ್ತೆ, ಇನ್ಮೇಲೆ ಹಾಗೆ ಒತ್ತಲ್ಲ, ಯಂತ್ರ ತಗೊಂಡು ಲಂಗದಲ್ಲಿ ಒರೆಸಿ ಮಡಿಲಲ್ಲಿಟ್ಟುಕೊಂಡಳು, ಹೆಬ್ಬೆರಳು ಎಡಗಡೆಯ ಬಟನ್ನಿನ ಮೇಲೆ ಇಟ್ಟೂ ಇಡದ ಹಾಗೆ, ಸದ್ದೇ ಇಲ್ಲ, ಆಟ ಮತ್ತೆ ಶುರುವಾಗಿದೆ, ಕೊಡೆಯವನು ನಿಂತಲ್ಲೇ ನಿಂತಿದ್ದಾನೆ, ಹುಡುಗಿ ತಲೆಯೆತ್ತಿ ಅವಳನ್ನು ನೋಡುತ್ತಾಳೆ, ಬೆರಳು ಇನ್ನಷ್ಟು ಹಗುರ ಮಾಡುತ್ತಾಳೆ, ಇಷ್ಟು ಮೆತ್ತಗೆ ಸಾಕಾ ಅತ್ತೆ, ಇಷ್ಟು ಮೆತ್ತಗೆ —