ಅಮ್ಮನ ಎಡಗಣ್ಣು

ಕೃತಕ ಕಣ್ಣುಗಳಿಗೆ ಬಣ್ಣ ಬರೆಯುವುದು ನನ್ನ ಕಸುಬು. ಕಂಡಕಂಡವರ ಕಣ್ಣನ್ನೆಲ್ಲ ಕೂದಲೆಳೆಯಷ್ಟೂ ತಪ್ಪದೆ ಬರೆದವಳು ಹೆತ್ತಮ್ಮನ ಕಣ್ಣಲ್ಲಿ ಎಡವಿದೆ. ದೀಪದ ಬುಡ ಕತ್ತಲು ಅನ್ನುವುದು ಇದಕ್ಕೇ ಇರಬೇಕು.

ಅಮ್ಮ ದರ್ಜಿ. ಕಾಯಿಲೆಯಿಂದ ಎಡಗಣ್ಣು ತೆಗೆಸಿದ ಮೇಲೆ ಅಂಗಡಿಯ ಬಾಗಿಲನ್ನೇ ತೆರೆದಿರಲಿಲ್ಲ. "ಅಳತೆ ತಗೊಳ್ಳೋವಾಗ ಜನ ನನ್ನ ಮುಖಾನೇ ನೋಡ್ತಾರೆ ಕಣೇ. ಆಗಲ್ಲ ನನ್ನ ಕೈಲಿ," ಅನ್ನುತ್ತಿದ್ದಳು. ಅಂಥಾ ಮಾತಿನ ಮಲ್ಲಿ ಮೂಲೆ ಹಿಡಿದು ಕೂತದ್ದು ನೋಡಿ ನನ್ನ ಕರುಳು ಚುರುಕ್ಕೆನ್ನುತ್ತಿತ್ತು. ಜೀವ ತೇಯ್ದು ಒಂದು ಕಣ್ಣು ಮಾಡಿದೆ. ಹಾಕಿಸಿ ನೋಡಿದರೆ, ಅಯ್ಯೋ ರಾಮ, ಯಾರೋ ಗುರುತಿಲ್ಲದವಳು ನೋಡುತ್ತಿರುವ ಹಾಗಿತ್ತು! ಅಮ್ಮ ಕನ್ನಡಿ ನೋಡಿ, "ಚೆನ್ನಾಗಿದೆ ಬಿಡು ಮಗಳೇ," ಎಂದು ಮತ್ತೆ ಮೂಲೆ ಸೇರಿದಳು.

ನನ್ನ ತಮ್ಮ ಭೌತಶಾಸ್ತ್ರದ ಮೇಷ್ಟ್ರು. "ಬಣ್ಣ ತಪ್ಪಿದೀಯ ಅಕ್ಕ," ಅಂದ.

"ಸಿಂಬಳ ಸುರಿಸ್ಕೊಂಡು ಓಡಾಡ್ತಿದ್ದೋನು ನನಗೇ ಬಣ್ಣ ಹೇಳಿಕೊಡ್ತೀಯೇನೋ?" ಎಂದು ರೇಗಿದೆ.

ಅವನು ಬೂದು ಬಣ್ಣದ ರಟ್ಟಿನಲ್ಲಿ ಎಳ್ಳುಕಾಳಿನಷ್ಟು ತೂತು ಮಾಡಿ ನನ್ನ ಕೈಗಿಟ್ಟ. "ಮುಖ ಕಾಣ್ತಿದ್ರೆ ಮಿದುಳು ತನಗೆ ಗೊತ್ತಿರೋ ಬಣ್ಣಾನೇ ತುಂಬಿಬಿಡುತ್ತೆ. ಅಮ್ಮನ್ನ ನೋಡಬೇಡ, ತೂತಲ್ಲಿ ಬಣ್ಣ ಮಾತ್ರ ನೋಡು."

ಅಮ್ಮನನ್ನು ಕಿಟಕಿಯ ಹತ್ತಿರ ಕೂರಿಸಿ ಬಲಗಣ್ಣಿನ ಮುಂದೆ ರಟ್ಟು ಹಿಡಿದೆ. ನಾನು ಬಳಿದಿದ್ದು ಕಡುಗಂದು. ತೂತಿನಲ್ಲಿ ಕಂಡದ್ದು ಮಾಸಿದ ಕಂದು. ರಟ್ಟು ಸರಿಸಿದರೆ ಕರಿಗುಡ್ಡೆಯ ಅಂಚಿಗೆ ಬೂದಿ ಬಣ್ಣದ ಉಂಗುರ. ಬಿಳಿಗುಡ್ಡೆಯೂ ಹಳದಿಗಟ್ಟಿತ್ತು. ನಾನು ಬರೆದದ್ದು ಚಿಕ್ಕಂದಿನಲ್ಲಿ ನನಗೆ ತಲೆ ಬಾಚುತ್ತಿದ್ದ ಅಮ್ಮನ ಕಣ್ಣು. ಅಮ್ಮನಿಗೆ ವಯಸ್ಸಾಗಿತ್ತು. ದಿನಾ ಎದುರಿಗಿದ್ದರೂ ನನಗದು ಕಂಡಿರಲೇ ಇಲ್ಲ. ಅಳು ಒತ್ತರಿಸಿಕೊಂಡು ಬಂತು.

"ಯಾಕೇ ಅಳ್ತೀಯ? ಕಣ್ಣು ಹೋಗಿರೋದು ನಂದು!" ಎಂದು ಅಮ್ಮ ಗದರಿದಳು.

ಹೊಸ ಕಣ್ಣಿಗೆ ಆ ಉಂಗುರ ಬರೆಯುವಾಗ ಅಮ್ಮನನ್ನು ನಾನೇ ಮುದುಕಿ ಮಾಡುತ್ತಿದ್ದೇನೆ ಅನ್ನಿಸಿತು. ಮೂಗೊರೆಸಿಕೊಳ್ಳುತ್ತಲೇ ಮುಗಿಸಿದೆ.

ಹಾಕಿಸಿ ಕನ್ನಡಿ ಹಿಡಿದೆ. ಅಮ್ಮ ಬಹಳ ಹೊತ್ತು ನೋಡಿಕೊಂಡಳು. ಅತ್ತ ಇತ್ತ ಮುಖ ತಿರುಗಿಸಿದಳು. ತಮ್ಮನೂ ಪಕ್ಕದಲ್ಲೇ ನಿಂತಿದ್ದ.

"ಮೊದಲನೇದೇ ಚೆಂದ ಇತ್ತು," ಅಂದಳು. ನಾನು ಕನ್ನಡಿ ಇಳಿಸಿದೆ.

ಅಮ್ಮ ನನ್ನ ಕೆನ್ನೆ ಸವರಿದಳು. "ಆದರೆ ಅದು ನಿನ್ನ ಅಮ್ಮಂದು ಕಣೇ. ಇದು ನಂದು. ಅಂಗಡಿ ಬೀಗದ ಕೈ ಎಲ್ಲಿಟ್ಟಿದೀರಿ?"