ಹನ್ನೊಂದನೆಯ ಬೆರಳು

ಸಾಮ್ರಾಜ್ಯಗಳು ಏಳುತ್ತವೆ, ಬೀಳುತ್ತವೆ. ಅದನ್ನು ಬರೆದಿಡಲು ಬೇಕಾದಷ್ಟು ಪಂಡಿತರಿದ್ದಾರೆ. ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಗುರುತರವಾದ ಸಂಗತಿ: ಒಂದು ಕಾಲ್ಬೆರಳು. ಅದೂ ಹೆಬ್ಬೆರಳಲ್ಲ, ಕಿರುಬೆರಳಿನ ಪಕ್ಕಕ್ಕೆ ಅಂಟಿಕೊಂಡ ಇನ್ನೊಂದು ಕಿರುಬೆರಳು. ನಿಜದಲ್ಲಿ ಅದು ಕಡಲೆಕಾಯಿಯಷ್ಟಿತ್ತು. ಸ್ಕ್ರೀನಿನ ಮೇಲೆ ಮೊಣಕಾಲೂರಿ ಕೂತ ಮನುಷ್ಯನಷ್ಟಿತ್ತು.

ಶನಿವಾರ ಮಧ್ಯಾಹ್ನ. ಮರುದಿನದ ಆರಾಧನೆಯಲ್ಲಿ ತೋರಿಸುವ ಚಿತ್ರವನ್ನು ಮೊದಲೇ ಒಮ್ಮೆ ಓಡಿಸಿ ನೋಡಬೇಕೆಂದು ಚರ್ಚಿನ ಸಭಾಭವನದ ಕಿಟಕಿಗಳಿಗೆಲ್ಲ ಪರದೆ ಎಳೆದಿದ್ದರು. ನಡುವಿನ ಸಾಲಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರ ಮಾಡಿದವಳು ಕೂತಿದ್ದಳು. ವಾರವಿಡೀ ಜಾಹೀರಾತು ಕಂಪನಿಯೊಂದರಲ್ಲಿ ತಂಪು ಪಾನೀಯದ ಬಾಟಲಿಗಳ ಮೇಲೆ ಕಂಪ್ಯೂಟರಿನಲ್ಲೇ ನೀರಹನಿ ಕೂರಿಸುವುದು ಅವಳ ಉದ್ಯೋಗ. ಅವಳ ಹನಿ ನೋಡಿದರೆ ಆಗತಾನೇ ನೀರು ಕುಡಿದು ಬಂದವರಿಗೂ ಬಾಯಾರುತ್ತಿತ್ತು. ಅಂಥವಳಿಗೆ ಸಭೆಯವರು ವಹಿಸಿದ್ದು ಬೈಬಲಿನ ಪ್ರವಾದಿ ದಾನಿಯೇಲ ಅರ್ಥ ಹೇಳಿದ ರಾಜನ ಕನಸು. ಕನಸಿನಲ್ಲಿ ಒಂದು ಭಾರೀ ಪ್ರತಿಮೆ. ತಲೆ ಬಂಗಾರ, ಎದೆ ಬೆಳ್ಳಿ, ಹೊಟ್ಟೆ ಕಂಚು, ಕಾಲು ಕಬ್ಬಿಣ. ಪಾದಕ್ಕೆ ಬರುವಷ್ಟರಲ್ಲಿ ಮಾತ್ರ ಅರ್ಧ ಕಬ್ಬಿಣ, ಅರ್ಧ ಜೇಡಿಮಣ್ಣು. ಯಾರ ಕೈಯೂ ಎಸೆಯದ ಕಲ್ಲೊಂದು ಬಂದು ಆ ಪಾದಕ್ಕೆ ಬಡಿದರೆ ಬಂಗಾರದ ತಲೆಯ ಸಮೇತ ಅಷ್ಟೂ ಹೊಟ್ಟಿನಂತೆ ಗಾಳಿಗೆ ಹಾರಿಹೋಗುತ್ತದೆ.

ಮುಂದಿನ ಸಾಲಿನಲ್ಲಿ ಇಬ್ಬರು. ಒಬ್ಬರು ಪಾಸ್ಟರ್; ಊರಿಗೆ ಹೊಸಬರು, ಯಾರು ಮಾತಾಡಿದರೂ ಮೊದಲು ತಲೆಯಾಡಿಸಿ ಆಮೇಲೆ ಕೇಳಿಸಿಕೊಳ್ಳುವವರು. ಇನ್ನೊಬ್ಬರು ಸಭೆಯ ಹಿರಿಯರು, ನಿವೃತ್ತ ಗಣಿತದ ಮೇಷ್ಟ್ರು. ಪ್ರವಾದನೆಯಲ್ಲಿ ಎಣಿಸಬಹುದಾದದ್ದು ಏನೇ ಇರಲಿ, ಮುದ್ರೆಯೋ ತುತೂರಿಯೋ ಕೊಂಬೋ, ಮೇಷ್ಟ್ರು ಎಣಿಸಿ ಮುಗಿಸಿದ್ದರು. ಪ್ರತಿಮೆಯ ಹತ್ತು ಬೆರಳೆಂದರೆ ಲೋಕದ ಕೊನೆಗೆ ಬರುವ ಹತ್ತು ರಾಜರು ಎಂದು ತೋರಿಸುವ ಅವರ ಬಟ್ಟೆಯ ನಕ್ಷೆ ಸಭೆಯಲ್ಲಿ ಪ್ರಸಿದ್ಧವಾಗಿತ್ತು. ಬೆರಳುಗಳನ್ನು ಬಣ್ಣದಲ್ಲಿ ಬರೆದಿದ್ದರು, ರಾಜರ ಹೆಸರನ್ನು ಪೆನ್ಸಿಲಿನಲ್ಲಿ. ಪತ್ರಿಕೆ ಓದುತ್ತ ಓದುತ್ತ ಅಳಿಸಿ ತಿದ್ದುವುದಕ್ಕೆ ಅನುಕೂಲವಾಗಲಿ ಎಂದು. ನಾಳೆ ಈ ಚಿತ್ರ ಓಡುವಾಗ ಕೋಲು ಹಿಡಿದು ವಿವರಿಸುವವರು ಅವರೇ.

ನಾಲ್ಕನೆಯವರು ಅವಳ ಅಪ್ಪ. ನೆಲಕ್ಕೆ ಟೈಲ್ಸ್ ಹಾಕುವುದು ಅವರ ಜೀವಮಾನದ ಕೆಲಸ, ಈ ಭವನದ ನೆಲವೂ ಅವರದೇ. ಪ್ರಸಂಗಪೀಠದ ಮೆಟ್ಟಿಲ ಬಳಿ ಒಂದು ಟೈಲು ಕಡಕಡ ಅನ್ನುತ್ತಿದೆಯೆಂದು ಕರೆಸಿದ್ದರು. ಶೂ ಬಿಚ್ಚಿ ಗೋಡೆಗಿಟ್ಟು, ಸ್ಕ್ರೀನಿನ ಕೆಳಗೇ ಮೊಣಕಾಲೂರಿ, ಸಂದಿಗೆ ಸಿಮೆಂಟು ತುಂಬುತ್ತಿದ್ದರು. ಸಾಕ್ಸ್ ಹಾಕಿದ ಅಂಗಾಲು ಎರಡೂ ಸಭೆಯ ಕಡೆಗಿದ್ದವು.

ಬಂಗಾರದ ತಲೆ ಬಂದಾಗ ಪಾಸ್ಟರ್ ಉಸಿರೆಳೆದುಕೊಂಡರು. ಚಿತ್ರ ನಿಧಾನವಾಗಿ ಕೆಳಗಿಳಿಯಿತು. ಬೆಳ್ಳಿ, ಕಂಚು, ತುಕ್ಕು ಹಿಡಿದ ಕಬ್ಬಿಣ. ಪಾದ ಬಂದಾಗ ಮೇಷ್ಟ್ರು ಎದ್ದೇ ನಿಂತರು. ಒಡೆದ ಹಿಮ್ಮಡಿ, ಬಿರುಕಿನಲ್ಲಿ ಒಣಗಿದ ಮಣ್ಣು, ದಪ್ಪಗಟ್ಟಿ ಹಳದಿಯಾದ ಉಗುರು.

"ಇದಪ್ಪಾ ಪಾದ ಅಂದ್ರೆ," ಅಂದರು. "ನೀನು ಹೇಳಿದ್ದು ಸರಿ ಕಣಮ್ಮ. ಗೀಚಿದ ಪಾದಕ್ಕೆ ಈ ಕಳೆ ಬರಲ್ಲ. ನಿಜವಾದ ಕಾಲಿನ ಫೋಟೋ ಸುತ್ತ ತೆಗೆದು ಕಟ್ಟಿದ್ದು ಅಂದೆಯಲ್ಲ?"

"ಹೌದು ಸರ್."

"ಅಲ್ಲೇ ನಿಲ್ಲಿಸು. ನಾಳೆ ಕೋಲು ಎಲ್ಲಿಡಬೇಕು ಅಂತ ಒಂದ್ಸಲ ನೋಡಿಬಿಡ್ತೀನಿ."

ಮೇಷ್ಟ್ರು ಕೋಲು ಹಿಡಿದು ಸ್ಕ್ರೀನಿನ ಹತ್ತಿರ ಹೋದರು. ಎಡಗಾಲಿನ ಐದು ರಾಜರು ಸಲೀಸಾಗಿ ಮುಗಿದರು. ಬಲಗಾಲಿನ ಹತ್ತನೆಯವನನ್ನು ಮುಟ್ಟಿದ ಕೋಲು ಕೆಳಗಿಳಿಯಲಿಲ್ಲ. ಮತ್ತೆ ಹಿಂದಿನಿಂದ ಎಣಿಸಿದರು. ಆ ಕಡೆಯಿಂದ ಬಂದರೂ ಲೆಕ್ಕ ಅಷ್ಟೇ ಆಯಿತು. ಗಣಿತ ಯಾರ ಮುಲಾಜೂ ನೋಡುವುದಿಲ್ಲ.

"ಹನ್ನೊಂದು," ಅಂದರು.

ಅವಳು ಆಗ ಮೊದಲ ಸಲ ಎಣಿಸಿದಳು. ವಾರಗಟ್ಟಲೆ ಆ ಪಾದದ ಒಂದೊಂದು ಬಿರುಕಿಗೂ ಮಣ್ಣು ಮೆತ್ತಿದ್ದಳು, ಒಂದೊಂದು ಉಗುರಿಗೂ ತುಕ್ಕು ಬಳಿದಿದ್ದಳು, ಆರನೆಯ ಉಗುರಿಗೂ ಕೂಡ. ಬೆರಳು ಎಷ್ಟಿವೆ ಎಂದು ನೋಡಬೇಕೆಂದು ಅನ್ನಿಸಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿ ಕಂಡ ಕಾಲು; ಅಪ್ಪನ ಬಲಗಾಲು ಇರುವುದೇ ಹಾಗೆ.

ಮನೆಯಲ್ಲಿ ಮಾತ್ರ. ಹೊಸ್ತಿಲು ದಾಟಿದರೆ ಸಾಕ್ಸ್. ಅದರ ಕಾರಣವನ್ನು ಅಪ್ಪ ಎಂದೂ ಹೇಳಿರಲಿಲ್ಲ; ಹೇಳಿದ್ದು ಅಮ್ಮ. ಇದೇ ಊರಲ್ಲಿ ಅಪ್ಪ ಹುಡುಗನಾಗಿದ್ದಾಗ, ಭಾನುವಾರದ ಮಕ್ಕಳ ತರಗತಿಯಲ್ಲಿ ದಾವೀದನ ಯುದ್ಧದ ಪಾಠ ಬಂತು. ಶತ್ರುಗಳ ಕಡೆ ಒಬ್ಬ ದೈತ್ಯ, ಕೈಗೆ ಆರಾರು ಬೆರಳು, ಕಾಲಿಗೆ ಆರಾರು ಬೆರಳು. ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಮಕ್ಕಳಲ್ಲಿ ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗನೊಬ್ಬ ಪಕ್ಕದವನ ಕಾಲನ್ನು ಎಣಿಸಿ ಫಲಿತಾಂಶವನ್ನು ಜೋರಾಗಿ ಹೇಳಿದ. ತರಗತಿಯಲ್ಲೇ ಅತಿ ಸಣಕಲನಾಗಿದ್ದ ಅಪ್ಪನಿಗೆ 'ದೈತ್ಯ' ಎಂದು ಹೆಸರು ಬಿತ್ತು. ದೇವರ ಶತ್ರು ಎಂದು ಆಟಕ್ಕೆ ಕರೆಯುವುದೂ ನಿಂತಿತು. ಅಂದಿನಿಂದ ಹಾಕಿದ ಸಾಕ್ಸನ್ನು ಅಪ್ಪ ಆಮೇಲೆ ದೀಕ್ಷಾಸ್ನಾನದ ನೀರಿನಲ್ಲೂ ಬಿಚ್ಚಲಿಲ್ಲ. "ಹೊಸ ಮನುಷ್ಯ ಆಗಿ ನೀರಿಂದ ಎದ್ದು ಬಂದ್ರು," ಎಂದು ಅಮ್ಮ ಹೇಳುತ್ತಿದ್ದಳು, "ಬಂದವರೇ ಮೆಟ್ಟಿಲ ಮೇಲೆ ಕೂತು ಹಳೇ ಸಾಕ್ಸ್ ಹಿಂಡಿದ್ರು." ಬಲಗಾಲಿನದನ್ನು ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುತ್ತಿದ್ದವಳೂ ಅವಳೇ. ಎಲ್ಲರ ಮನೆಯಲ್ಲೂ ಸಾಕ್ಸಿನ ಜೋಡಿ ತಪ್ಪುತ್ತದೆ, ನಮ್ಮ ಮನೆಯಲ್ಲಿ ಮಾತ್ರ ಎಡ ಯಾವುದು ಬಲ ಯಾವುದು ಎಂದು ಕುರುಡರಿಗೂ ಗೊತ್ತಾಗುತ್ತದೆ ಅನ್ನುವುದು ಅವಳ ಹೆಮ್ಮೆ.

ಕೆಲಸ ಅರಸಿ ಊರು ಬಿಟ್ಟ ಅಪ್ಪ ತಲೆ ನರೆತ ಮೇಲೆ ವಾಪಸು ಬಂದಾಗ ಆ ಹೆಸರಾಗಲಿ, ಅದನ್ನು ಹೊತ್ತ ಸಣಕಲ ಹುಡುಗನಾಗಲಿ ಯಾರಿಗೂ ನೆನಪಿರಲಿಲ್ಲ. ಎಣಿಸಿದ ಹುಡುಗನಿಗೂ ನೆನಪಿರಲಿಲ್ಲ. ಅವನೀಗ ಕೋಲು ಹಿಡಿದು ನಿಂತಿದ್ದ.

"ಏನಮ್ಮ ಇದು?" ಅಂದರು ಮೇಷ್ಟ್ರು. "ಹನ್ನೊಂದನೇ ರಾಜನ್ನ ನಾನು ಎಲ್ಲಿಂದ ತರಲಿ? ಹತ್ತು ಜನರನ್ನ ಹೊಂದಿಸೋಷ್ಟರಲ್ಲೇ ತಲೆ ಬೋಳಾಯ್ತು."

"ಬೋಳಾಯ್ತು," ಎಂದು ಪಾಸ್ಟರ್ ತಲೆಯಾಡಿಸಿ, ಗಾಬರಿಯಾಗಿ, "ಅಂದ್ರೆ, ಹೊಂದಿಸೋದು ಕಷ್ಟ ಅಂತ," ಎಂದು ಸೇರಿಸಿದರು.

ಮೆಟ್ಟಿಲ ಬಳಿ ಸಿಮೆಂಟು ಬಳಿಯುತ್ತಿದ್ದ ಕೈ ನಿಂತಿದ್ದನ್ನು ಅವಳು ನೋಡಿದಳು. ಅಪ್ಪ ತಿರುಗಲಿಲ್ಲ. ಮೇಲೆ ಅರ್ಧ ಗೋಡೆಯಗಲದ ಬಲಪಾದ. ಅದರ ನೇರ ಕೆಳಗೆ, ಕೋಲಿನ ತುದಿಗೆ ಸಿಗುವಷ್ಟು ಹತ್ತಿರದಲ್ಲಿ, ಒಂದು ಕಡೆ ಉಬ್ಬಿದ ಬಲಗಾಲಿನ ಸಾಕ್ಸ್. ಮೇಷ್ಟ್ರು ಒಂದು ಸಲ ತಲೆ ತಗ್ಗಿಸಿದರೆ ಸಾಕಿತ್ತು.

ಅವರು ತಗ್ಗಿಸಲಿಲ್ಲ. ಕಣ್ಣು ಕಿರಿದು ಮಾಡಿ ಸ್ಕ್ರೀನನ್ನೇ ನೋಡುತ್ತಿದ್ದರು. "ಇದನ್ನ ನಾನು ಎಲ್ಲೋ ನೋಡಿದೀನಲ್ಲ," ಅಂದರು. "ತುಂಬ ಹಿಂದೆ. ಯಾರ ಕಾಲಮ್ಮ ಇದು?"

"ಯಾರದ್ದೂ ಅಲ್ಲ ಸರ್."

"ಫೋಟೋ ತೆಗೆದದ್ದು ಅಂದೆ."

"ಎಡಗಾಲು ಮಾತ್ರ." ತನ್ನ ದನಿ ಇಷ್ಟು ನಯವಾಗಿ ಹೊರಡಬಹುದೆಂದು ಅವಳಿಗೇ ಗೊತ್ತಿರಲಿಲ್ಲ. "ಬಲಗಾಲು ಮೆಷಿನ್ ತಾನೇ ಮಾಡಿದ್ದು. ಮೆಷಿನ್‌ಗೆ ಬೆರಳಿನ ಲೆಕ್ಕ ಬರಲ್ಲ, ಸರ್, ಎಲ್ಲರಿಗೂ ಗೊತ್ತಿರೋದೇ. ತಪ್ಪಾಗಿ ಬಂದಿದೆ. ತೆಗೆದುಬಿಡ್ತೀನಿ."

"ಹಾಗಾದ್ರೆ ಈಗಲೇ ತೆಗಿ. ನನ್ನ ಕಣ್ಣೆದುರಿಗೇ. ನೋಡೋಕೂ ಒಂಥರಾ ಇದೆ."

ಲ್ಯಾಪ್‌ಟಾಪಿನಲ್ಲಿ ಅವಳು ಎಳೆದ ಗೆರೆ ಸ್ಕ್ರೀನಿನ ಮೇಲೂ ಮೂಡುತ್ತ ಹೋಯಿತು. ಬಿಳಿ ಚುಕ್ಕೆಗಳ ಗೆರೆ ಆರನೆಯ ಬೆರಳಿನ ಬುಡದಿಂದ ಹೊರಟು, ಉಗುರನ್ನು ಸುತ್ತಿ, ಮತ್ತೆ ಬುಡಕ್ಕೆ ಬಂದು ಸೇರಿತು. ಚುಕ್ಕೆಗಳು ಇರುವೆ ಸಾಲಿನಂತೆ ಓಡಾಡತೊಡಗಿದವು. ಇನ್ನು ಒಂದು ಕೀಲಿ ಒತ್ತುವುದಷ್ಟೇ. ಒತ್ತಿದರೆ ಬೆರಳು ಹೋಗುತ್ತದೆ, ಮೇಷ್ಟ್ರ ಜ್ಞಾಪಕಶಕ್ತಿ ಮತ್ತೆ ನಿದ್ದೆಹೋಗುತ್ತದೆ, ಅಪ್ಪ ತನ್ನ ಪಾಡಿಗೆ ಸಂದಿ ತುಂಬಿ ಮನೆಗೆ ಬರುತ್ತಾರೆ. ಲಾಭವಲ್ಲದ್ದು ಇದರಲ್ಲಿ ಏನೂ ಇರಲಿಲ್ಲ. ಆದರೂ 'ತಪ್ಪಾಗಿ ಬಂದಿದೆ' ಅನ್ನುವ ಮಾತು ಭವನದಲ್ಲಿ ಇನ್ನೂ ನಿಂತಿತ್ತು, ಅದನ್ನು ಕೇಳಿಸಿಕೊಂಡ ಬೆನ್ನು ಅವಳ ಎದುರಿಗೇ ಇತ್ತು. ಅವಳ ಬೆರಳು ಕೀಲಿಯ ಮೇಲೆ ಕೂತಿತು, ಒತ್ತಲಿಲ್ಲ.

"ಯಾಕಮ್ಮ, ಕೆಟ್ಟುಹೋಯ್ತಾ?"

"ಮೆಷಿನ್ ಮಾಡಿದ್ದಲ್ಲ ಅದು," ಎಂದು ಕೆಳಗಿನಿಂದ ದನಿ ಬಂತು. ಅಪ್ಪ ಸಿಮೆಂಟಿನ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಎದ್ದು ನಿಂತು ತಿರುಗಿದರು. "ನಮ್ಮಮ್ಮ ಮಾಡಿದ್ದು."

ಮೇಷ್ಟ್ರು ಅಪ್ಪನ ಮುಖ ನೋಡಿದರು, ಸಾಕ್ಸ್ ನೋಡಿದರು, ಸ್ಕ್ರೀನ್ ನೋಡಿದರು, ಮತ್ತೆ ಸಾಕ್ಸಿಗೆ ಬಂದರು. ಇಷ್ಟು ವರ್ಷ 'ನೀವು' ಎಂದು ಮಾತಾಡಿಸಿದ್ದ ಬಾಯಿಂದ, "ನೀನಾ?" ಎಂದು ಬಂತು. ಅದರ ಹಿಂದೆಯೇ, ತಡೆಯುವ ಮೊದಲೇ, "ದೈತ್ಯ?"

"ಹೂಂ ಕಣಯ್ಯ. ಆಗ ಎಣಿಸಿದ್ದೂ ನೀನೇ."

ಪಾಸ್ಟರ್ ತಲೆಯಾಡಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಮೇಷ್ಟ್ರ ಕಿವಿ ಕೆಂಪಾದದ್ದು ಆ ಮಬ್ಬಿನಲ್ಲೂ ಕಾಣುತ್ತಿತ್ತು. ನಾಚಿಕೆ ಬಹಳ ಹೊತ್ತು ನಿಂತರೆ ಸಿಟ್ಟಾಗುವುದು ಮೇಷ್ಟ್ರ ವೃತ್ತಿಯ ಗುಣ.

"ಅದು ಬೇರೆ ವಿಷಯ," ಅಂದರು. "ಮಕ್ಕಳಾಗಿದ್ದಾಗಿನ ಮಾತು. ನಿನಗೆ ಬೇಜಾರಾಗುತ್ತೆ ಅಂತ ದೇವರ ವಾಕ್ಯ ತಿದ್ದೋಕಾಗುತ್ತಾ? ವಾಕ್ಯದಲ್ಲಿ ಹತ್ತು ಅಂದ್ರೆ ಹತ್ತು. ಪಾಸ್ಟರೇ, ಆ ಪುಸ್ತಕ ಕೊಡಿ ಇಲ್ಲಿ."

ಪುಟ ಹುಡುಕುವುದು ಅವರಿಗೆ ಬೇಕಾಗಿರಲಿಲ್ಲ, ಪುಸ್ತಕ ಅಲ್ಲಿಗೇ ತೆರೆದುಕೊಂಡಿತು. ಸ್ಕ್ರೀನಿನ ಬೆಳಕಿಗೆ ಹಿಡಿದು ಜೋರಾಗಿ ಓದತೊಡಗಿದರು. ಪಾದ ಬಂತು, ಬೆರಳು ಬಂತು, ಕಬ್ಬಿಣ ಬಂತು, ಕುಂಬಾರನ ಮಣ್ಣು ಬಂತು, ಎರಡೂ ಬೆರೆಯದೆ ಇರುವುದು ಬಂತು. ವಾಕ್ಯ ಮುಗಿಯಿತು. ಮೇಷ್ಟ್ರು ಒಂದು ಪುಟ ಹಿಂದಕ್ಕೆ ಹೋದರು. ಎರಡು ಪುಟ ಮುಂದಕ್ಕೆ ಹೋದರು. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಹತ್ತು ಎಲ್ಲಿದೆ ಮೇಷ್ಟ್ರೇ?" ಎಂದು ಪಾಸ್ಟರ್ ಕೇಳಿದರು.

"ಕೊಂಬು ಹತ್ತು ಇದೆಯಲ್ಲ, ಮುಂದೆ."

"ಅದು ಮೃಗದ್ದು. ಇದು ಮನುಷ್ಯನ ಕಾಲು."

ದೈತ್ಯನ ಬೆರಳುಗಳನ್ನು ಶಾಸ್ತ್ರ ಎಣಿಸಿ, ಕೂಡಿಸಿ, ಒಟ್ಟು ಮೊತ್ತದ ಸಮೇತ ಕೊಟ್ಟಿತ್ತು. ರಾಜನ ಪ್ರತಿಮೆಯ ವಿಷಯದಲ್ಲಿ ಬೆರಳುಗಳು ಎಂದಷ್ಟೇ ಹೇಳಿ ಮುಂದೆ ಹೋಗಿತ್ತು. ಹತ್ತು ಅನ್ನುವುದನ್ನು ಮೇಷ್ಟ್ರು ತಮ್ಮ ಸ್ವಂತ ಕಾಲಿನಿಂದ ತಂದು ಸೇರಿಸಿದ್ದರು. ಅವರು ಪುಸ್ತಕ ಮುಚ್ಚಿ ಪಾಸ್ಟರ್ ಕೈಗಿಟ್ಟರು, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ನಾಳೆ ನೋಡ್ಕೋತೀನಿ," ಎಂದು ಯಾರ ಮುಖಕ್ಕೂ ಅಲ್ಲದಂತೆ ಹೇಳಿ ಹೊರಟರು. ಹಸಿ ಸಿಮೆಂಟಿನ ಟೈಲನ್ನು ಮಾತ್ರ ಜಾಗರೂಕತೆಯಿಂದ ದಾಟಿದರು.

ಏನು ನೋಡಿಕೊಳ್ಳುತ್ತಾರೆ ಎಂಬುದು ಅಪ್ಪನ ಜೊತೆ ಮನೆಗೆ ನಡೆಯುವ ದಾರಿಯುದ್ದಕ್ಕೂ ಅವಳ ತಲೆಯನ್ನು ಕೊರೆಯಿತು. ಕೋಲು ಅವರ ಕೈಯಲ್ಲಿ, ಮೈಕು ಅವರ ಬಾಯಿಗೆ. ತುಂಬಿದ ಸಭೆಯಲ್ಲಿ ಆ ಹೆಸರನ್ನು ಒಂದು ಸಲ, ತಮಾಷೆಗೇ, ಅಂದುಬಿಟ್ಟರೆ ಆಯಿತು.

"ತೆಗೆದುಬಿಡ್ಲಾ ಅಪ್ಪ? ಇನ್ನೂ ಟೈಮಿದೆ."

"ಚಿತ್ರ ನಿಂದು."

"ಕಾಲು ನಿಮ್ಮದು."

ಅಪ್ಪ ಕರಣೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಮೆಷಿನ್ ತಪ್ಪು ಅಂದೆಯಲ್ಲ."

"ನಿಮಗೋಸ್ಕರ ಅಂದೆ."

"ಗೊತ್ತು. ಅದಕ್ಕೇ ಎದ್ದೆ. ಬೇರೆ ಯಾರಾದ್ರೂ ಅಂದಿದ್ರೆ ಸಂದಿ ತುಂಬ್ತಾ ಕೂತಿರ್ತಿದ್ದೆ." ಮತ್ತೆ ಒಂದಿಷ್ಟು ದೂರ ಹೋದ ಮೇಲೆ, "ಫೋಟೋ ತೆಗೆಯೋವಾಗಲೇ ಅಂದ್ಕೊಂಡೆ, ಇವಳು ಅದನ್ನ ಕತ್ತರಿಸ್ತಾಳೆ ಅಂತ. ಯಾಕೆ ಕತ್ತರಿಸಲಿಲ್ಲ?"

"ಅದು ಜಾಸ್ತಿ ಇದೆ ಅಂತ ಹೊಳೀಲೇ ಇಲ್ಲ ಅಪ್ಪ."

ಅಪ್ಪ ನಿಂತು ಶೂ ದಾರ ಕಟ್ಟಿಕೊಂಡರು. ಅದು ಬಿಚ್ಚಿರಲಿಲ್ಲ.

ಭಾನುವಾರ ಭವನ ತುಂಬಿತ್ತು. ಅಪ್ಪ, ಅಮ್ಮ ಮೂರನೆಯ ಸಾಲಿನಲ್ಲಿದ್ದರು. ಅಪ್ಪನ ಕಾಲಿನಲ್ಲಿ ಸಾಕ್ಸೂ ಇತ್ತು, ಶೂವೂ ಇತ್ತು. ಮೇಷ್ಟ್ರು ನಕ್ಷೆಯನ್ನು ಸುರುಳಿ ಸುತ್ತಿ ತಂದಿದ್ದರು, ಬಿಡಿಸದೆ ಪೀಠಕ್ಕೆ ಒರಗಿಸಿದರು. ಅವಳು ಹಿಂದೆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಚಿತ್ರವನ್ನು ನಡುವೆಯೇ ನಿಲ್ಲಿಸಿಬಿಡುವ ಕೀಲಿಯ ಮೇಲೆ ಬೆರಳಿತ್ತು. ಮೇಷ್ಟ್ರ ಬಾಯಲ್ಲಿ 'ದೈ' ಎಂದು ಬಂದರೆ ಸಾಕು, ಇಡೀ ಭವನವನ್ನು ಕತ್ತಲು ಮಾಡುವುದೆಂದು ನಿಶ್ಚಯಿಸಿದ್ದಳು.

ಬಂಗಾರಕ್ಕೆ ಮೇಷ್ಟ್ರು ಬೇಕಾದಷ್ಟು ಹೇಳಿದರು. ಬೆಳ್ಳಿ, ಕಂಚು, ಕಬ್ಬಿಣಕ್ಕೂ ಕಡಿಮೆ ಮಾಡಲಿಲ್ಲ. ಪಾದ ಬಂತು. ಕೋಲು ಎಡಗಾಲಿನ ಮೊದಲ ಬೆರಳಿಗೆ ಹೋಯಿತು, ಅಲ್ಲಿಂದ ಎತ್ತದೆ, ಎಳೆದ ಗೆರೆಯಂತೆ, ಅಷ್ಟೂ ಬೆರಳುಗಳ ಮೇಲೆ ಹಾಯ್ದು ಬಲಗಾಲಿನ ಕೊನೆಯ ಬೆರಳಿಗೆ ಬಂದು ನಿಂತಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮೂರನೆಯ ಸಾಲಿನ ಕಡೆ ಒಮ್ಮೆ ನೋಡಿದರು. ಅಮ್ಮ ಅಪ್ಪನ ಮೊಣಕಾಲ ಮೇಲೆ ಕೈಯಿಟ್ಟಳು.

"ಇವು ಬೆರಳುಗಳು," ಅಂದರು ಮೇಷ್ಟ್ರು. ಕೋಲು ಕೆಳಗಿಟ್ಟು ಕೂತರು.

ಕಲ್ಲು ಬಂತು, ಪಾದಕ್ಕೆ ಬಡಿಯಿತು, ಪ್ರತಿಮೆ ಪುಡಿಯಾಯಿತು. ಹನ್ನೊಂದು ಬೆರಳುಗಳನ್ನೂ ಇಡೀ ಸಭೆ ಕಣ್ಣಾರೆ ನೋಡಿತ್ತು. ಯಾರೂ ಎಣಿಸಲಿಲ್ಲ.